ಡಾಕ್ಟರ್ ಮಗ ಪಂಟರ್

ಚಂದ್ರಮೋಹನ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಮುಂದಿನದನ್ನು ಓದಿದವರಿಗೆ ಹಾಗೆ ಅನ್ನಿಸದೇ ಹೋಗಬಹುದು.

ಅರಸೀಕೆರೆಯಿಂದ ಮೆಲ್ಬರ್ನಿಗೆ ಬಂದು, ಕ್ಲೇಟನ್‌ನಲ್ಲಿ ಐದು ಜನರ ಜೊತೆ ಒಂದೇ ಮನೆಯ ರೆಂಟ್ ಹಂಚಿಕೊಂಡು ಅಕೌಂಟಿಂಗ್ ಓದಿ, ಖಾಯಂ ನಿವಾಸದ ಪಿಆರ್ ಪಡೆದು, ವೇದಾಳನ್ನು ಮದುವೆಯಾಗಿ, ವಿಂಡಮ್ ವೇಲ್‌ನ ಹೊಸ ಬಡಾವಣೆಯಲ್ಲಿ ಮನೆ ಮಾಡಿದ ಹೊತ್ತಿಗೆ ಅವನು ಮಾಡುತ್ತಿದ್ದ ಕೆಲಸಕ್ಕೂ ಓದಿದ್ದಕ್ಕೂ ಯಾವ ಸಂಬಂಧವೂ ಉಳಿದಿರಲಿಲ್ಲ. ಸದರ್ನ್ ಕ್ರಾಸ್ ಸ್ಟೇಷನ್ನಿನ ಹಿಂದಿನ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂಬತ್ತು ಜನರ ಪುಟ್ಟ ಕಂಪನಿ. ಅಮೆರಿಕಾದ ಕಾಲೇಜುಗಳ ಫುಟ್‌ಬಾಲ್ ಪಂದ್ಯಗಳ ಟೇಪುಗಳು ಅಲ್ಲಿಗೆ ಪೆಟ್ಟಿಗೆಗಟ್ಟಲೆ ಬರುತ್ತಿದ್ದವು. ಅಮೆರಿಕಾದ ದೊಡ್ಡ ವೃತ್ತಿಪರ ತಂಡಗಳು ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎಂದು ಹೆಸರು. ಯಾರನ್ನು ಆರಿಸಬೇಕೆಂದು ವರ್ಷವಿಡೀ ಊರೂರು ಅಲೆದು ಹುಡುಗರನ್ನು ನೋಡಿಕೊಂಡು ಬರುವವರು ಸ್ಕೌಟ್‌ಗಳು. ಆ ಸ್ಕೌಟ್‌ಗಳಿಗೆ ಬೇಕಾದ ಅಂಕಿ ಅಂಶಗಳನ್ನು ಟೇಪಿನಿಂದ ಹೆಕ್ಕಿ ಕೊಡುವುದು ಈ ಕಂಪನಿಯ ಕೆಲಸ.

ಅದರಲ್ಲೂ ಚಂದ್ರಮೋಹನನ ಪಾಲಿಗೆ ಬಂದದ್ದು ಒಂದೇ ಒಂದು ಅಂಕಿ. ಹೆಸರು ಫುಟ್‌ಬಾಲ್ ಆದರೂ ಹೆಚ್ಚಾಗಿ ಕೈಯಿಂದಲೇ ಆಡುವ ಆ ಆಟದಲ್ಲಿ ತಂಡಕ್ಕೆ ಮುಂದೆ ದಾರಿ ಕಾಣದಾದಾಗ ಒಬ್ಬ ಬಂದು ಚೆಂಡನ್ನು ಆಕಾಶಕ್ಕೆ ಒದೆಯುತ್ತಾನೆ. ಅವನನ್ನು ಅಮೆರಿಕಾದವರು ಪಂಟರ್ ಎನ್ನುತ್ತಾರೆ. ಕಾಲು ಚೆಂಡಿಗೆ ತಗುಲಿದಾಗ ಸ್ಟಾಪ್‌ವಾಚ್ ಒತ್ತಬೇಕು, ಎದುರಿನವನು ಹಿಡಿದಾಗ ಮತ್ತೆ ಒತ್ತಬೇಕು, ಎಷ್ಟು ಸೆಕೆಂಡು ಎಂದು ಬರೆಯಬೇಕು. ಆಮೇಲೆ ಮುಂದಿನ ಒದೆತ ಬರುವ ತನಕ ಟೇಪನ್ನು ಓಡಿಸಬೇಕು. ನಾಲ್ಕು ವರ್ಷದಲ್ಲಿ ಹತ್ತೊಂಬತ್ತು ಸಾವಿರ ಒದೆತಗಳನ್ನು ಅವನು ಹೀಗೆ ಅಳೆದಿದ್ದ. ನಡುವೆ ಉಳಿದ ಆಟಗಾರರು ಏನು ಮಾಡುತ್ತಾರೆ, ಯಾರು ಗೆಲ್ಲುತ್ತಾರೆ, ಹೇಗೆ ಗೆಲ್ಲುತ್ತಾರೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕೆಂದು ಕಂಪನಿಯೂ ಕೇಳಿರಲಿಲ್ಲ. ಆದರೆ ಅವನ ಬಲಗೈ ಹೆಬ್ಬೆರಳು ಮಾತ್ರ ತಪ್ಪುತ್ತಿರಲಿಲ್ಲ.

2007ರ ಯುಗಾದಿ ಹಬ್ಬವನ್ನು ಅಲ್ಲಿನ ಕನ್ನಡ ಸಂಘದವರು ವೆರಿಬೀಯ ಒಂದು ಹಾಲ್‌ನಲ್ಲಿ ಭಾನುವಾರ ಇಟ್ಟುಕೊಂಡಿದ್ದರು. ಮುಖ್ಯ ಅತಿಥಿಗಳಾಗಿ ಸಿಡ್ನಿಯಿಂದ ಬಂದವರು ಡಾಕ್ಟರ್ ಶ್ರೀನಾಥ್. ಮೈಸೂರಿನವರು, ಹೃದಯದ ಡಾಕ್ಟರು, ಸಿಡ್ನಿಯಲ್ಲಿ ನೆಲೆಸಿ ಮೂವತ್ತು ವರ್ಷ. ಜೊತೆಗೆ ಹೆಂಡತಿ ವಂದನಾ, ಮತ್ತು ಅತ್ತೆ ನೀಲಾಂಬಿಕಾ, ತುಮಕೂರಿನ ಹೈಸ್ಕೂಲೊಂದರ ನಿವೃತ್ತ ಹೆಡ್‌ಮಿಸ್ಟ್ರೆಸ್. ಒಬ್ಬಟ್ಟಿನ ಸಾಲಿನಲ್ಲಿ ನೀಲಾಂಬಿಕಾ ಅವರು ಮುಂದೆ ನಿಂತು, ಹಿಂದೆ ನಿಂತವರನ್ನೆಲ್ಲ ಒಬ್ಬೊಬ್ಬರಾಗಿ ಏನು ಕೆಲಸ ಎಂದು ವಿಚಾರಿಸುತ್ತಿದ್ದರು. ಸಂಘದ ಕಾರ್ಯದರ್ಶಿ ಪ್ರಮೋದ್ ತಾನು ಬ್ಯಾಂಕಿನ ಐಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್ ಎಂದ. ಅವನ ಹಿಂದಿನವರು ರೈಲ್ವೆ ಸಿಗ್ನಲ್ ಎಂಜಿನಿಯರ್ ಎಂದರು. ಮೂರನೆಯವನು ಚಂದ್ರಮೋಹನ.

ಟೇಪು ನೋಡಿ ಗುಂಡಿ ಒತ್ತುತ್ತೇನೆ ಎಂದು ಆ ಜಾಗದಲ್ಲಿ ಯಾರು ಹೇಳಿಯಾರು? ಅವನು, "ಸ್ಕೌಟಿಂಗ್‌ನಲ್ಲಿದ್ದೀನಿ ಆಂಟಿ," ಎಂದ.

ನೀಲಾಂಬಿಕಾ ಅವರ ಮುಖ ಅರಳಿತು. ತಾವು ಇಪ್ಪತ್ತೆರಡು ವರ್ಷ ಶಾಲೆಯ ಗೈಡ್ ಕ್ಯಾಪ್ಟನ್ ಆಗಿದ್ದವರು ಎಂದು ಹೇಳಿ, ಸ್ಕೌಟ್ ಪದ್ಧತಿಯಂತೆ ಎಡಗೈ ಚಾಚಿ ಕೈಕುಲುಕಲು ಬಂದರು. ಅವನ ಎಡಗೈಯಲ್ಲಿ ತಟ್ಟೆಯಿತ್ತು. ಸ್ಕಾರ್ಫ್ ಯಾಕೆ ಕಟ್ಟಿಲ್ಲ ಎಂದು ಕೇಳಿದರು. ಈಗಿನ ಮಕ್ಕಳಿಗೆ ಹಗ್ಗದ ಗಂಟು ಹಾಕಲು ಬರುತ್ತದೆಯೇ ಎಂದು ಕೇಳಿದರು. ಕೊನೆಗೆ, ಸ್ಕೌಟ್ ಪ್ರತಿಜ್ಞೆ ನೆನಪಿದೆಯಾ, ಒಮ್ಮೆ ಹೇಳು ನೋಡೋಣ ಎಂದರು. ಸಾಲಿನಲ್ಲಿ ನಗು ಎದ್ದಿತು. ಪ್ರಮೋದ್ ಎಲ್ಲರಿಗಿಂತ ಹೆಚ್ಚಾಗಿ ನಕ್ಕ.

ಆಗ ಚಂದ್ರಮೋಹನ ಸ್ವಲ್ಪ ಗಟ್ಟಿಯಾಗಿಯೇ ಹೇಳಿದ: "ಆ ಸ್ಕೌಟ್ ಅಲ್ಲ ಆಂಟಿ. ಅಮೆರಿಕನ್ ಫುಟ್‌ಬಾಲ್. ಕಾಲೇಜ್ ಪ್ಲೇಯರ್ಸ್‌ನ ನೋಡಿ, ಯಾರು ಪ್ರೊಫೆಷನಲ್ ಟೀಮ್‌ಗೆ ಹೋಗ್ಬೇಕು ಅಂತ ಸೆಲೆಕ್ಟ್ ಮಾಡೋದು."

ಈ ವಾಕ್ಯದಲ್ಲಿ ಕರ್ತೃಪದ ಇಲ್ಲ ಎಂಬುದನ್ನು ವ್ಯಾಕರಣ ಬಲ್ಲವರು ಗಮನಿಸಬೇಕು. ಸೆಲೆಕ್ಟ್ ಮಾಡುವವರು ಯಾರೆಂದು ಅವನು ಹೇಳಲೇ ಇಲ್ಲ. ಆದರೆ ನೀಲಾಂಬಿಕಾ ಅವರು ಮೂವತ್ತೈದು ವರ್ಷ ಕನ್ನಡ ವ್ಯಾಕರಣ ಹೇಳಿಕೊಟ್ಟವರು. ಬಿಟ್ಟಸ್ಥಳವನ್ನು ತಾವೇ ತುಂಬಿಕೊಂಡರು. ಅಳಿಯನನ್ನು ಕರೆದು, ಅಮೆರಿಕಾದ ಆಟಗಾರರನ್ನು ಆರಿಸುವುದೇ ಈ ಹುಡುಗನಂತೆ ಎಂದು ತಿಳಿಸಿದರು. ಡಾಕ್ಟರು ಒಬ್ಬಟ್ಟು ತಿನ್ನುವುದನ್ನು ನಿಲ್ಲಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹತ್ತು ನಿಮಿಷದಲ್ಲಿ ಪ್ರಮೋದ್ ಮೈಕಿನ ಮುಂದೆ ನಿಂತು, ನಮ್ಮ ನಡುವೆಯೇ ಇಂಥವರೊಬ್ಬರಿರುವುದು ಸಂಘಕ್ಕೆ ಹೆಮ್ಮೆ ಎಂದು ಘೋಷಿಸಿದ. ತಂದಿದ್ದ ಶಾಲುಗಳಲ್ಲಿ ಒಂದು ಹೆಚ್ಚಿಗೆ ಉಳಿದಿತ್ತು. ಅದನ್ನು ಡಾಕ್ಟರ ಕೈಯಿಂದಲೇ ಅವನಿಗೆ ಹೊದಿಸಿದರು.

ವೇದಾ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುವವಳು, ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಗುಳಿಗೆ ಹೆಚ್ಚು ಕೊಟ್ಟು ಅಭ್ಯಾಸವಿಲ್ಲ. ಮನೆ ಮುಟ್ಟಿದ ಮೇಲೆ, ನಾಳೆಯೇ ಪ್ರಮೋದ್‌ಗೆ ಒಂದು ಇಮೇಲ್ ಬರೆದು ಸರಿಪಡಿಸಿ ಎಂದಳು. ಚಂದ್ರಮೋಹನ ಬರೆದ. ಮೂರು ಸಲ ಬರೆದ. ಮೂರು ಸಲವೂ ಕಳಿಸುವ ಮೊದಲು ಓದಿ ನೋಡಿದಾಗ ತನ್ನ ಕೆಲಸ ಅದಕ್ಕಿಂತ ಸ್ವಲ್ಪ ದೊಡ್ಡದು ಅನ್ನಿಸಿ ಅಳಿಸಿದ.

ಅಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಎದುರು ಬೀದಿಯ ಗುಜರಾತಿಯೊಬ್ಬರು ಹನ್ನೊಂದು ವರ್ಷದ ಮಗಳನ್ನು ಕರೆತಂದು, ಇವಳು ಎಷ್ಟು ಎತ್ತರ ಬೆಳೆಯಬಹುದು ನೋಡಿ ಹೇಳಿ ಎಂದರು. ಪಕ್ಕದ ಮನೆಯ ನೆವಿಲ್, ಟ್ರಾಮ್ ಓಡಿಸಿ ನಿವೃತ್ತರಾದ ಮುದುಕರು, ನಾಲ್ಕು ತಲೆಮಾರಿನಿಂದ ಫುಟಿ ಎಂಬ ಆಸ್ಟ್ರೇಲಿಯಾದ ಫುಟ್‌ಬಾಲ್ ಬಿಟ್ಟು ಬೇರೆ ಆಟವನ್ನು ಆಟವೆಂದು ಒಪ್ಪದ ವಂಶದವರು. ಬೇಲಿಯ ಮೇಲಿಂದ ತಲೆ ಚಾಚಿ, ಅಮೆರಿಕಾದವರು ಹೆಲ್ಮೆಟ್ ಯಾಕೆ ಹಾಕಿಕೊಳ್ಳುತ್ತಾರೆ ಎಂದು ಕೇಳಿದರು. ಚಂದ್ರಮೋಹನ ಸ್ವಲ್ಪ ಹೊತ್ತು ದೂರಕ್ಕೆ ದೃಷ್ಟಿಯಿಟ್ಟು, ತಲೆಗೆ ಪೆಟ್ಟಾಗದಿರಲಿ ಎಂದು ಅಂದ. ನೆವಿಲ್ ಈ ಉತ್ತರವನ್ನು ಒಂದು ವಾರ ಮೆಲುಕು ಹಾಕಿದರು.

ಮೂರನೇ ವಾರ ಸಿಡ್ನಿಯಿಂದ ಡಾಕ್ಟರ ಫೋನ್ ಬಂತು. ಅವರಿಗೆ ಒಬ್ಬನೇ ಮಗ, ಚಿರಾಗ್, ಇಪ್ಪತ್ತು ವರ್ಷ, ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ. ಕಾಲೇಜಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡವೊಂದನ್ನು ಸೇರಿಕೊಂಡಿದ್ದಾನೆ. ಈಗ ಓದು ಬಿಟ್ಟು ಅಮೆರಿಕಾಕ್ಕೆ ಹೋಗಿ ಆಡುತ್ತೇನೆ, ಡ್ರಾಫ್ಟ್‌ನಲ್ಲಿ ಹೆಸರು ಬರುವ ತನಕ ವಾಪಸ್ಸು ಬರುವುದಿಲ್ಲ ಎಂದು ಹಟ ಹಿಡಿದಿದ್ದಾನೆ. ತಂದೆ ಹೇಳಿದರೆ ಕೇಳುವುದಿಲ್ಲ. ತಜ್ಞರು ಹೇಳಿದರೆ ಕೇಳಬಹುದು. ಆದ್ದರಿಂದ ಚಂದ್ರಮೋಹನ ಬರಬೇಕು, ಹುಡುಗ ಆಡುವುದನ್ನು ನಾಲ್ಕು ಜನರ ಮುಂದೆ ನೋಡಬೇಕು, ನಿನ್ನಿಂದ ಆಗುವುದಿಲ್ಲ ಎಂದು ಹೇಳಿಬಿಡಬೇಕು. ಟಿಕೆಟ್ ಆಗಲೇ ಬುಕ್ ಮಾಡಿದ್ದಾಗಿತ್ತು.

ಇಪ್ಪತ್ತು ನಿಮಿಷಕ್ಕೆ ವಂದನಾ ಫೋನ್ ಮಾಡಿದರು. ಗರಾಜಿನಲ್ಲಿ ನಿಂತು ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಅವನ ಅಪ್ಪ ಏನಾದರೂ ಹೇಳಲಿ, ಮಗುವಿನ ಮನಸ್ಸು ಮುರಿಯಬೇಡಿ, ಚೆನ್ನಾಗಿದೆ ಎಂದೇ ಹೇಳಿ ಎಂದು ಬೇಡಿಕೊಂಡರು. ಸಂಜೆ ಚಿರಾಗ್‌ನ ಇಮೇಲ್ ಬಂತು, ಇಂಗ್ಲಿಷಿನಲ್ಲಿ, ಎರಡೇ ಸಾಲು. ಅಂಕಲ್, ಅಪ್ಪ ಅಮ್ಮ ಇಬ್ಬರೂ ನಿಮಗೆ ಏನೋ ಹೇಳಿಕೊಟ್ಟಿರುತ್ತಾರೆ ಎಂದು ನನಗೆ ಗೊತ್ತು. ನೀವು ನಿಜ ಹೇಳಿದರೆ ಸಾಕು, ನೀವು ಏನು ಹೇಳಿದರೂ ಹಾಗೇ ಮಾಡುತ್ತೇನೆ.

ಆ ಕೊನೆಯ ಸಾಲನ್ನು ಓದಿದ ಮೇಲೆ ಚಂದ್ರಮೋಹನನಿಗೆ ಊಟ ಸೇರಲಿಲ್ಲ. ಇಲ್ಲಿಯ ತನಕ ಅದು ಒಂದು ಶಾಲಿನ ವಿಷಯವಾಗಿತ್ತು. ಈಗ ಒಬ್ಬ ಹುಡುಗನ ಬದುಕು ಬಂದು ಕೈಯಲ್ಲಿ ಕೂತಿತ್ತು.

"ಫೋನ್ ಮಾಡಿ ನಿಜ ಹೇಳ್ರೀ," ಎಂದಳು ವೇದಾ.

"ಅಲ್ಲಿಗೆ ಹೋಗಿ ಎದುರಿಗೇ ಹೇಳ್ತೀನಿ. ಫೋನಲ್ಲಿ ಹೇಳೋದು ಮರ್ಯಾದೆ ಅಲ್ಲ."

"ಹಾಗಾದ್ರೆ ನಾನೂ ಬರ್ತೀನಿ. ನೀವು ಹೇಳ್ತೀರೋ ಇಲ್ವೋ ನೋಡೋಕೆ ಒಬ್ರು ಬೇಕು."

ಏಪ್ರಿಲ್ ಕೊನೆಯ ಶನಿವಾರ ಬೆಳಿಗ್ಗೆ ಇಬ್ಬರೂ ಅವಲಾನ್‌ನಿಂದ ವಿಮಾನ ಹತ್ತಿದರು. ಮನೆ ಬಾಗಿಲಲ್ಲೇ ಡಾಕ್ಟರನ್ನು ಪಕ್ಕಕ್ಕೆ ಕರೆದು ಹೇಳಿಬಿಡಬೇಕೆಂದು ಚಂದ್ರಮೋಹನ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಆದರೆ ಡಾಕ್ಟರು ಅವರನ್ನು ಮನೆಗೆ ಕರೆದೊಯ್ಯದೆ ಏರ್‌ಪೋರ್ಟಿನಿಂದ ನೇರವಾಗಿ ಚೆರ್ರಿಬ್ರುಕ್‌ನ ಮೈದಾನಕ್ಕೆ ಕರೆದೊಯ್ದರು. ಅಲ್ಲಿ ಮೂವತ್ತು ಜನ ಕನ್ನಡಿಗರು ಪುಳಿಯೋಗರೆ, ಮೊಸರನ್ನದ ಡಬ್ಬಿಗಳೊಂದಿಗೆ ಜಮಖಾನ ಹಾಸಿ ಕೂತಿದ್ದರು. ಮೈದಾನದ ನಟ್ಟನಡುವಿನ ಗೆರೆಯ ಪಕ್ಕ ಒಂದು ದೊಡ್ಡ ಕೊಡೆ, ಅದರ ಕೆಳಗೆ ಒಂದು ಕುರ್ಚಿ, ಒಂದು ಮೇಜು, ಮೇಜಿನ ಮೇಲೆ ನೀರಿನ ಬಾಟಲಿ ಮತ್ತು ಚೂಪು ಮಾಡಿದ ಎರಡು ಪೆನ್ಸಿಲ್. ನೀಲಾಂಬಿಕಾ ಅವರು ಮುಂದೆ ಬಂದು ಎಡಗೈ ಕೊಟ್ಟರು. ಈ ಸಲ ಅವನೂ ಎಡಗೈಯನ್ನೇ ಕೊಟ್ಟ.

ಚಿರಾಗ್ ಎತ್ತರದ, ಗಂಭೀರ ಮುಖದ ಹುಡುಗ. ತಂಡದಲ್ಲಿ ಅವನದು ಕ್ವಾರ್ಟರ್‌ಬ್ಯಾಕ್ ಜಾಗ, ಅಂದರೆ ಚೆಂಡನ್ನು ದೂರಕ್ಕೆ ಎಸೆದು ಇಡೀ ಆಟವನ್ನು ನಡೆಸುವವನು. ಆ ಆಟ ಬಲ್ಲವರು ಮೊದಲು ನೋಡುವುದೇ ಅವನನ್ನು. ಇಬ್ಬರು ಗೆಳೆಯರನ್ನು ದೂರ ನಿಲ್ಲಿಸಿ ಅವನು ಎಸೆಯಲು ಶುರು ಮಾಡಿದ. ನಿಂತು ಎಸೆದ, ಓಡುತ್ತ ಎಸೆದ, ಮಂಡಿಯೂರಿ ಎಸೆದ. ನಲವತ್ತು ನಿಮಿಷ ಎಸೆದ. ಜಮಖಾನದ ಮೇಲಿನವರು ಪ್ರತಿ ಸಲವೂ ಚಪ್ಪಾಳೆ ತಟ್ಟಿದರು.

ಚಂದ್ರಮೋಹನನಿಗೆ ಇದೆಲ್ಲ ಟೇಪಿನಲ್ಲಿ ಓಡಿಸಿಬಿಡುವ ಭಾಗ. ಹುಡುಗ ಮೈ ಬಿಸಿ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡು ಅವನು ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟು, ಯಾರೋ ಕೊಟ್ಟ ಕಾಫಿ ಕುಡಿದ. ಒಂದು ಸಲ ಆಕಳಿಸಿದ. ಒಂದು ಕೋಡುಬಳೆ ತಿಂದ. ಮೂವತ್ತು ಜನರೂ ಅವನನ್ನೇ ನೋಡುತ್ತಿದ್ದರು. ಕಾಗದದ ಮೇಲೆ ಒಂದಕ್ಷರವೂ ಬೀಳದಿರುವುದನ್ನು ಕಂಡು ಡಾಕ್ಟರ ಮುಖದಲ್ಲಿ ಸಮಾಧಾನ ಮೂಡಿತು, ವಂದನಾರ ಕಣ್ಣಲ್ಲಿ ನೀರು ಬಂತು.

ಕೊನೆಗೆ ಚಿರಾಗ್ ಬೆವರು ಒರೆಸಿಕೊಳ್ಳುತ್ತ ಬಂದು ಎದುರಿಗೆ ನಿಂತ. ಡಾಕ್ಟರು ಎಲ್ಲರಿಗೂ ಕೇಳುವಂತೆ ಗಂಟಲು ಸರಿ ಮಾಡಿಕೊಂಡು, "ಏನನ್ಸುತ್ತೆ ಚಂದ್ರಮೋಹನ್? ಫ್ರಾಂಕ್ ಆಗಿ ಹೇಳಿ," ಎಂದರು.

"ಇನ್ನೂ ಶುರುವೇ ಮಾಡಿಲ್ವಲ್ಲ ಡಾಕ್ಟ್ರೇ," ಎಂದ ಚಂದ್ರಮೋಹನ, ನಿಜವಾಗಿಯೂ ಆಶ್ಚರ್ಯಪಟ್ಟು.

ಅಮೆರಿಕಾದಲ್ಲಿ ಯಾವ ಸ್ಕೌಟ್ ಕೂಡ ಯಾವ ಕ್ವಾರ್ಟರ್‌ಬ್ಯಾಕ್‌ಗೂ ಇದಕ್ಕಿಂತ ಕಠೋರವಾದ ಮಾತನ್ನು ಹೇಳಿರಲಾರ. ಜಮಖಾನದ ಮೇಲೆ ಚಮಚದ ಸದ್ದು ನಿಂತಿತು. ಚಿರಾಗ್ ಹಿಂದಕ್ಕೆ ತಿರುಗಿದ. ಹತ್ತು ಹೆಜ್ಜೆ ನಡೆದ. ಕೈಯಲ್ಲಿದ್ದ ಚೆಂಡನ್ನು ಮುಂದಕ್ಕೆ ಬಿಟ್ಟು, ಮೂರು ವರ್ಷದ ಆಸೆಯನ್ನೆಲ್ಲ ಸೇರಿಸಿ ಒದ್ದ.

ಚಂದ್ರಮೋಹನನ ಕೈ ಮೇಜಿನ ಮೇಲಿನ ವಾಚಿಗೆ ಹೋಗಿ, ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಗುಂಡಿ ಒತ್ತಿತು. ಚೆಂಡು ಯೂಕಲಿಪ್ಟಸ್ ಮರಗಳ ತಲೆ ದಾಟಿ ಮೇಲೆ ಹೋಯಿತು, ಮೇಲೆಯೇ ಇತ್ತು, ಇನ್ನೂ ಮೇಲೆಯೇ ಇತ್ತು. ಎಲ್ಲರೂ ಕತ್ತೆತ್ತಿ ನೋಡಿ, ಬೇಸರ ಬಂದು ಕೆಳಗೆ ನೋಡಿ, ಮತ್ತೆ ಮೇಲೆ ನೋಡಿದರು. ಅದು ನೆಲಕ್ಕೆ ಬಿದ್ದಾಗ ಅವನು ವಾಚ್ ನೋಡಿದ. ಐದು ಪಾಯಿಂಟ್ ಎರಡು ಸೆಕೆಂಡು. ಹತ್ತೊಂಬತ್ತು ಸಾವಿರದಲ್ಲಿ ಐದು ಸೆಕೆಂಡು ದಾಟಿದವನ್ನು ಅವನು ಬೆರಳಲ್ಲಿ ಎಣಿಸಬಲ್ಲವನಾಗಿದ್ದ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತ.

"ಚಿರಾಗ್, ಇನ್ನೊಂದ್ಸಲ."

ಹುಡುಗ ನಂಬದೆ ಒದ್ದ. ನಾಲ್ಕು ಪಾಯಿಂಟ್ ಒಂಬತ್ತು. ಇನ್ನೊಂದು. ಐದು. ಚಂದ್ರಮೋಹನ ಚೆಂಡು ತರಲು ತಾನೇ ಓಡಿದ. ಅವನು ಕಾಗದದ ಮೇಲೆ ಸರಸರ ಬರೆಯುವುದನ್ನು ಕಂಡು ಜನ ಎದ್ದು ಹತ್ತಿರ ಬಂದರು. ಆರು ಒದೆತವಾದ ಮೇಲೆ ಚಿರಾಗ್ ಏದುಸಿರು ಬಿಡುತ್ತ, ಆದರೆ ಅಂಕಲ್ ನಾನು ಕ್ವಾರ್ಟರ್‌ಬ್ಯಾಕ್ ಅಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಹಾಗಂದ್ರೆ?" ಎಂದ ಚಂದ್ರಮೋಹನ.

ಸ್ಕೌಟ್ ತಮಾಷೆ ಮಾಡುತ್ತಿದ್ದಾನೆಂದು ಎಲ್ಲರೂ ನಕ್ಕರು. ವೇದಾ ಒಬ್ಬಳು ಕೈಯಿಂದ ಮುಖ ಮುಚ್ಚಿಕೊಂಡಳು. ಚಂದ್ರಮೋಹನ ಮಾತ್ರ ನಾಲ್ಕು ವರ್ಷದಲ್ಲಿ ಮೊದಲ ಸಲ ತನಗೆ ಗೊತ್ತಿರುವ ಒಂದು ಸಂಗತಿ ಎದುರಿಗೆ ಸಿಕ್ಕ ಸಂತೋಷದಲ್ಲಿದ್ದ. ಡಾಕ್ಟರ ಹೆಗಲ ಮೇಲೆ ಕೈಯಿಟ್ಟು, ಮೂವತ್ತು ಜನರಿಗೂ ಕೇಳುವಂತೆ ಹೇಳಿದ:

"ಡಾಕ್ಟ್ರೇ, ನಿಮ್ಮ ಮಗ ಪಂಟರ್."

ಈಗ ಈ ಒಂದು ಶಬ್ದದ ಬಗ್ಗೆ ಸ್ವಲ್ಪ ವಿವರಿಸಬೇಕು. ತುಮಕೂರಿನಲ್ಲಿ ಪಂಟರ್ ಅಂದರೆ ಭಾರೀ ಗಟ್ಟಿಗ. ನೀಲಾಂಬಿಕಾ ಅವರು ಮೊಮ್ಮಗನ ಬಗ್ಗೆ ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು. ಅಮೆರಿಕಾದಲ್ಲಿ ಪಂಟರ್ ಅಂದರೆ ಚೆಂಡು ಒದೆಯುವವನು. ಆದರೆ ಆಸ್ಟ್ರೇಲಿಯಾದಲ್ಲಿ ಪಂಟರ್ ಅಂದರೆ ಕುದುರೆ ಬಾಲಕ್ಕೆ ದುಡ್ಡು ಕಟ್ಟುವ ಜೂಜುಕೋರ. ಸಿಡ್ನಿಯಲ್ಲಿ ಮೂವತ್ತು ವರ್ಷ ಕಳೆದ ಡಾಕ್ಟರ್ ಶ್ರೀನಾಥರಿಗೆ ಆ ಮೂರನೆಯ ಅರ್ಥ ಬಿಟ್ಟು ಬೇರೆ ಅರ್ಥವೇ ಗೊತ್ತಿರಲಿಲ್ಲ.

ಅವರು ಬಿಳಿಚಿಕೊಂಡರು. ಪ್ರತಿ ಶನಿವಾರ ಮಧ್ಯಾಹ್ನ ಮಗ ಪ್ರಾಕ್ಟೀಸ್ ಎಂದು ಹೊರಗೆ ಹೋಗುವುದು ನೆನಪಾಯಿತು. ರೇಸು ನಡೆಯುವುದೂ ಶನಿವಾರವೇ ಎಂಬುದೂ ನೆನಪಾಯಿತು. ಹುಡುಗನ ಓಟ, ಎಸೆತ ನೋಡಿ ಅವನ ಚಾರಿತ್ರ್ಯವನ್ನೇ ಹೇಳಬಲ್ಲ ಮೇಧಾವಿ ಈ ಮನುಷ್ಯ ಎಂಬುದರಲ್ಲಿ ಅವರಿಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಬಂದದ್ದು ಕೋಪ. ಇಂಥ ಮಾತನ್ನು ಪುಳಿಯೋಗರೆ ತಿನ್ನುವವರ ಮುಂದೆ ಹೇಳುವುದೇ? ಅವರು ಮಗನನ್ನು ತೋಳು ಹಿಡಿದು ಕಾರಿನ ಹಿಂದಕ್ಕೆ ಕರೆದೊಯ್ದರು. ಹಿಂದೆಯೇ ವಂದನಾ ಓಡಿದರು. ಕಾರಿನ ಹಿಂದಿನಿಂದ ದೊಡ್ಡ ದನಿ ಕೇಳಿತು. ಜಮಖಾನಗಳು ಒಂದೊಂದಾಗಿ ಮಡಿಸಲ್ಪಟ್ಟವು. ಏನಾಯಿತೆಂದು ಚಂದ್ರಮೋಹನನಿಗೆ ತಿಳಿಯಲಿಲ್ಲ. ಗಂಡ ಹೆಂಡತಿಯನ್ನು ಏರ್‌ಪೋರ್ಟಿಗೆ ಬಿಟ್ಟವರು ಡಾಕ್ಟರಲ್ಲ, ಯಾರೋ ಪರಿಚಯವಿಲ್ಲದವರು. ದಾರಿಯಲ್ಲಿ ಅವರು ಒಂದೇ ಮಾತು ಆಡಿದರು: "ಹೇಳ್ಬೇಕಾಗಿತ್ತು ನಿಜ, ಆದ್ರೆ ಸ್ವಲ್ಪ ಮೆತ್ತಗೆ ಹೇಳ್ಬಹುದಿತ್ತು."

ಸೋಮವಾರ ಬೆಳಿಗ್ಗೆ ಅಮೆರಿಕಾದಲ್ಲಿ ಇನ್ನೂ ಭಾನುವಾರ. ಡ್ರಾಫ್ಟ್‌ನ ಕೊನೆಯ ಸುತ್ತುಗಳು ಆಫೀಸಿನ ಟಿವಿಯಲ್ಲಿ ನಡೆಯುತ್ತಿದ್ದವು. ನಾಲ್ಕು ವರ್ಷ ಚಂದ್ರಮೋಹನ ಆ ಟಿವಿಯ ಮುಂದೆ ನಿಂತವನಲ್ಲ. ಅಂದು ಕುರ್ಚಿಯಲ್ಲಿ ಕೂರಲಾಗದೆ ನಿಂತ. ಯಾವುದೋ ತಂಡ ಒಬ್ಬ ಪಂಟರನ್ನು ಆರಿಸಿತು. ತೆರೆಯ ಮೇಲೆ ಆ ಹುಡುಗನ ತಾಯಿ ಸೋಫಾದ ಮೇಲಿಂದ ಜಿಗಿದು ಅಳತೊಡಗಿದಳು. ವೀಕ್ಷಕ ವಿವರಣೆಗಾರ, ಇವನ ಚೆಂಡು ಸರಾಸರಿ ನಾಲ್ಕು ಪಾಯಿಂಟ್ ಆರು ಎಂಟು ಸೆಕೆಂಡು ಗಾಳಿಯಲ್ಲಿ ನಿಲ್ಲುತ್ತದೆ ಎಂದ. ಚಂದ್ರಮೋಹನನ ಮೈ ಜುಮ್ಮೆಂದಿತು. ಆ ಅರವತ್ತೆಂಟು ಅವನದು. ಎಪ್ಪತ್ತು ಎಂದು ಬರೆದುಬಿಡೋಣವೇ ಎಂದು ಒಂದು ಸಂಜೆ ಯೋಚಿಸಿ, ಬೇಡವೆಂದು ಬಿಟ್ಟದ್ದು ಅವನಿಗೆ ನೆನಪಿತ್ತು.

ಆಗ ಹಿಂದಿನಿಂದ ಯಾರೋ ಅವನ ಹೆಗಲು ತಟ್ಟಿದರು. ಕಂಪನಿ ನಡೆಸುವ ಡೆಬ್ರಾ. ಟೆಕ್ಸಸ್‌ನವರು, ಅಪ್ಪ ಕಾಲೇಜು ಕೋಚ್ ಆಗಿದ್ದವರು, ಹೆಚ್ಚು ಮಾತಾಡುವವರಲ್ಲ. ಅವರ ಕೋಣೆಯಲ್ಲಿ ಬಾಗಿಲು ಹಾಕಿದ ಮೇಲೆ ವಿಷಯ ತಿಳಿಯಿತು. ಒಂಬತ್ತಕ್ಕೆ ಸರಿಯಾಗಿ ಸಿಡ್ನಿಯಿಂದ ಒಬ್ಬ ಹೃದಯದ ಡಾಕ್ಟರು ಫೋನ್ ಮಾಡಿ, ನಿಮ್ಮ ಮುಖ್ಯ ಸ್ಕೌಟ್ ಮೂವತ್ತು ಜನರ ಮುಂದೆ ನನ್ನ ಮಗನನ್ನು ಕುದುರೆ ಜೂಜುಕೋರ ಎಂದ, ಅದಕ್ಕೆ ಅವನ ಬಳಿ ಏನು ಸಾಕ್ಷಿ ಇದೆ ಎಂದು ಕೇಳಿದ್ದರು. ಡೆಬ್ರಾ ಅವರಿಗೆ ಮೂರು ಪ್ರಶ್ನೆಗಳಿದ್ದವು. ನಮ್ಮಲ್ಲಿ ಮುಖ್ಯ ಸ್ಕೌಟ್ ಯಾರು? ಸ್ಕೌಟ್ ಎಂಬುವವರು ಯಾವಾಗಿನಿಂದ ಇದ್ದಾರೆ? ಕುದುರೆ ಎಲ್ಲಿಂದ ಬಂತು?

ಚಂದ್ರಮೋಹನ ಒಬ್ಬಟ್ಟಿನ ಸಾಲಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಒಬ್ಬಟ್ಟು ಎಂದರೇನೆಂದೂ ವಿವರಿಸಬೇಕಾಯಿತು. ಕೆಲಸ ಹೋಯಿತೆಂದು ಅವನು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದ. ಕೊನೆಗೆ ಜೇಬಿನಿಂದ ಮಡಿಸಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಆರು ಒದೆತ, ಆರು ಅಂಕಿ. ಡೆಬ್ರಾ ಕನ್ನಡಕ ಹಾಕಿಕೊಂಡು ಅದನ್ನು ಓದಿದರು. ಕೈಯಿಂದಲೇ ಅಳೆದದ್ದೇ ಎಂದು ಕೇಳಿದರು. ಗಾಳಿ ಇತ್ತೇ ಎಂದು ಕೇಳಿದರು. ಮರದ ಎಲೆ ಅಲುಗುತ್ತಿರಲಿಲ್ಲ ಎಂದ ಅವನು. ಅವರು ಫೋನನ್ನು ಅವನ ಮುಂದಕ್ಕೆ ತಳ್ಳಿದರು. ಮೊದಲು ಆ ತಂದೆಗೆ ನಿಜ ಹೇಳು, ನನ್ನ ಎದುರಿಗೇ ಹೇಳು ಎಂದರು.

ಡೆಬ್ರಾ ಅವರಿಗೆ ಕನ್ನಡ ಬಾರದು. ಅವನು ಏನು ಬೇಕಾದರೂ ಹೇಳಬಹುದಿತ್ತು. ಆದರೂ ಅವರು ಕೈಕಟ್ಟಿ, ಒಂದೊಂದು ಶಬ್ದವನ್ನೂ ತೂಗುವವರಂತೆ ಕೂತಿದ್ದರು.

"ಡಾಕ್ಟ್ರೇ, ನಾನು ಸ್ಕೌಟ್ ಅಲ್ಲ," ಎಂದ ಚಂದ್ರಮೋಹನ. "ನಾನು ಬರೀ ಟೇಪ್ ನೋಡಿ ಟೈಮ್ ಬರ್ಕೊಳ್ಳೋನು. ಯಾರನ್ನೂ ಸೆಲೆಕ್ಟ್ ಮಾಡಲ್ಲ. ಯುಗಾದಿ ದಿನ ಹೇಳಿದ್ದು ತಪ್ಪಾಯ್ತು."

"ಅದಿರಲಿ. ಅವನು ರೇಸ್‌ಗೆ ಹೋಗ್ತಾನಾ ಇಲ್ವಾ ಹೇಳಿ. ಎರಡು ದಿನದಿಂದ ನಾನು ನಿದ್ದೆ ಮಾಡಿಲ್ಲ."

"ರೇಸ್? ಇಲ್ಲ ಡಾಕ್ಟ್ರೇ. ಪಂಟರ್ ಅಂದ್ರೆ ಆ ಆಟದಲ್ಲಿ ಚೆಂಡು ಒದೆಯೋನು. ಅಷ್ಟೇ."

ಆ ತುದಿಯಲ್ಲಿ ಡಾಕ್ಟರು ಫೋನನ್ನು ಪಕ್ಕಕ್ಕಿಟ್ಟು ಹೆಂಡತಿಯನ್ನು ಕೂಗಿದ್ದು, ಒದೆಯೋನಂತೆ, ಬರೀ ಒದೆಯೋನಂತೆ ಎಂದದ್ದು, ಯಾರೋ ಅತ್ತದ್ದು ಮತ್ತು ನಕ್ಕದ್ದು ಕೇಳಿತು. ಫೋನ್ ಮತ್ತೆ ಕೈಗೆ ಬಂದಾಗ ಚಂದ್ರಮೋಹನ ತಾನು ಸ್ಕೌಟ್ ಅಲ್ಲ ಎಂದು ಎರಡನೇ ಸಲ ಹೇಳಿದ. ಡಾಕ್ಟರು ಪರವಾಗಿಲ್ಲ ಎಂದರು. ಮೂರನೇ ಸಲ ಹೇಳಿದ. ಆಯಿತಪ್ಪ, ಗೊತ್ತಾಯಿತು ಎಂದರು. ಐದು ವಾರ ಹೊತ್ತು ತಿರುಗಿದ ಮೂಟೆಯನ್ನು ಇಳಿಸಲು ಹೋದರೆ ಅದನ್ನು ಬಿಚ್ಚಿ ನೋಡುವವರೂ ಇರಲಿಲ್ಲ.

ಆದರೆ ಡಾಕ್ಟರು ಬುದ್ಧಿವಂತರು. ಸಮಾಧಾನವಾದ ಮೇಲೆ ಮಾತಿನ ಬೆಲೆ ಅವರಿಗೆ ಹೊಳೆಯಿತು.

"ಹಾಗಾದ್ರೆ ನೀವು ಸ್ಕೌಟ್ ಅಲ್ಲ ಅಂದ್ಮೇಲೆ, ಶನಿವಾರ ಅವನ ಬಗ್ಗೆ ಹೇಳಿದ್ದಕ್ಕೂ ಅರ್ಥ ಇಲ್ಲ ಅಂತಾಯ್ತು."

ಹೌದು ಎಂದರೆ ಸಾಕಿತ್ತು. ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಚಂದ್ರಮೋಹನ ಮೇಜಿನ ಮೇಲಿನ ಕಾಗದ ನೋಡಿದ. ನೀವು ನಿಜ ಹೇಳಿದರೆ ಸಾಕು ಎಂದ ಹುಡುಗ ನೆನಪಾದ.

"ನನ್ನ ಮಾತಿಗೆ ಅರ್ಥ ಇಲ್ಲ ಡಾಕ್ಟ್ರೇ. ಆದ್ರೆ ಆ ಟೈಮ್ ನಿಜ. ನಾನು ಹತ್ತೊಂಬತ್ತು ಸಾವಿರ ನೋಡಿದ್ದೀನಿ. ಅಂಥ ಕಾಲು ಸುಮ್ನೆ ಬರಲ್ಲ. ಎಸೆಯೋದರ ಬಗ್ಗೆ ನಂಗೆ ಒಂದಕ್ಷರ ಗೊತ್ತಿಲ್ಲ, ಅದನ್ನೂ ಅವನಿಗೆ ಹೇಳ್ಬಿಡಿ."

ಡೆಬ್ರಾ ಕೈ ಚಾಚಿ ಫೋನ್ ತೆಗೆದುಕೊಂಡರು. ಈತ ಸ್ಕೌಟ್ ಅಲ್ಲ, ಆದರೆ ನಮ್ಮಲ್ಲಿ ಇವನಷ್ಟು ನಂಬಬಹುದಾದ ಹೆಬ್ಬೆರಳು ಇನ್ನೊಂದಿಲ್ಲ ಎಂದರು. ನೆಬ್ರಾಸ್ಕಾ ಕಡೆಯ ಒಂದು ಸಣ್ಣ ಕಾಲೇಜಿನಲ್ಲಿ ತಮಗೆ ಗೊತ್ತಿರುವ ಕೋಚ್ ಒಬ್ಬರಿದ್ದಾರೆ, ಹುಡುಗ ಒದೆಯುವ ಟೇಪು ಕಳಿಸಿದರೆ ನೋಡುತ್ತಾರೆ ಎಂದರು. ಡಾಕ್ಟರು ಓದಿನ ಮಾತು ತೆಗೆದರು. ಅಲ್ಲಿ ಹೋದರೆ ಓದು ಬಿಡಬೇಕಲ್ಲ ಎಂದರು. ಡೆಬ್ರಾ, ಓದದಿದ್ದರೆ ಆಡಲು ಬಿಡುವುದಿಲ್ಲ ಎಂದರು. ಆ ತುದಿಯಿಂದ ಏನೋ ಪ್ರಶ್ನೆ ಬಂತು. ಹೌದು, ಪ್ರತಿ ಟರ್ಮ್‌ನಲ್ಲೂ ಪಾಸಾಗಬೇಕು ಎಂದರು. ಮತ್ತೊಂದು ಪ್ರಶ್ನೆ. ಇಲ್ಲ, ಫೇಲಾದರೆ ಒಂದು ನಿಮಿಷವೂ ಮೈದಾನಕ್ಕೆ ಇಳಿಸುವುದಿಲ್ಲ ಎಂದರು. ಅದನ್ನು ಡಾಕ್ಟರು ಇನ್ನೊಂದು ಸಲ ಹೇಳಿಸಿಕೊಂಡರು. ಮೂರು ವರ್ಷ ತಾವು ಮನೆಯಲ್ಲಿ ಕೂಗಾಡಿ ಮಾಡಲಾಗದ್ದನ್ನು ಮಾಡಿಸುವ ಒಂದು ವ್ಯವಸ್ಥೆ ಭೂಮಿಯ ಮೇಲೆ ಇದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಸಿವಿಲ್ ಎಂಜಿನಿಯರಿಂಗ್ ಅಲ್ಲಿ ಇದೆಯೇ ಎಂದು ಕೇಳಿದರು. ಇದೆ ಎಂದರು ಡೆಬ್ರಾ.

ಫೋನ್ ಇಟ್ಟ ಮೇಲೆ ಡೆಬ್ರಾ ಅವನಿಗೆ, ಕೆಲಸಕ್ಕೆ ಹೋಗು ಎಂದರು. ಅವನು ಬಾಗಿಲ ಬಳಿ ಹೋದಾಗ ಕ್ವಾರ್ಟರ್‌ಬ್ಯಾಕ್ ಎಂದರೆ ಏನೆಂದು ಕೇಳಿದ. ಡೆಬ್ರಾ ಒಂದು ಟೇಪು ಕೊಟ್ಟು, ಈ ಒಂದು ಪಂದ್ಯವನ್ನು ಎಲ್ಲೂ ಓಡಿಸದೆ ಪೂರ್ತಿ ನೋಡು ಎಂದು ಅಪ್ಪಣೆ ಮಾಡಿದರು. ಮೂರೂವರೆ ಗಂಟೆ ನೋಡಿದ. ಸಂಜೆ ವೇದಾ ವೆರಿಬೀ ಸ್ಟೇಷನ್ನಿಗೆ ಕಾರು ತಂದಾಗ, ಕೆಲಸ ಉಳಿಯಿತೆಂಬುದಕ್ಕಿಂತ ಮೊದಲು ಅವನು ಹೇಳಿದ್ದು, "ಆ ಆಟದಲ್ಲಿ ಬೇರೆಯವರೂ ಇದ್ದಾರೆ ಕಣೇ."

ಪ್ರಮೋದ್‌ಗೆ ಇಮೇಲ್ ಅಂದೇ ಹೋಯಿತು, ನಾಲ್ಕನೇ ಸಲ ಬರೆದದ್ದು, ಓದಿ ನೋಡದೆ ಕಳಿಸಿದ್ದು. ಸಂಘದ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಪ್ರಮೋದ್ ಅದನ್ನು ತನಗೆ ತಿಳಿದಂತೆ ಸಂಕ್ಷೇಪಿಸಿ, ಶ್ರೀ ಚಂದ್ರಮೋಹನ್ ಅವರು ಈಗ ಸ್ಕೌಟ್ ಆಗಿ ಇರುವುದಿಲ್ಲ ಎಂದು ಪ್ರಕಟಿಸಿದ. ಒಂದು ವಾರ ಜನ ಬಂದು ಸಮಾಧಾನ ಹೇಳಿ ಹೋದರು. ನೆವಿಲ್ ಬೇಲಿಯ ಮೇಲಿಂದ ಒಂದು ಬುಟ್ಟಿ ನಿಂಬೆಹಣ್ಣು ಕೊಟ್ಟರು. ಅವನು ಎಲ್ಲವನ್ನೂ ಸ್ವೀಕರಿಸಿದ.

ಚಿರಾಗ್‌ಗೆ ಒಂದು ತಿಂಗಳು ಮುನಿಸಿತ್ತು. ಎಸೆಯುವುದನ್ನು ಬಿಟ್ಟು ಒದೆಯುವುದಕ್ಕೆ ಮನಸ್ಸು ಒಗ್ಗಿಸಿಕೊಳ್ಳುವುದು ಸುಲಭವಲ್ಲ. ಆದರೆ ಆ ಕೋಚ್ ಟೇಪು ನೋಡಿ ಎರಡೇ ದಿನದಲ್ಲಿ ಉತ್ತರ ಬರೆದರು. ಆಗಸ್ಟ್‌ನಲ್ಲಿ ಹುಡುಗ ಹೊರಟ. ಹೊರಡುವ ದಿನ ಏರ್‌ಪೋರ್ಟಿನಿಂದ ಚಂದ್ರಮೋಹನನಿಗೆ ಫೋನ್ ಮಾಡಿ, ಅಡ್ಡಾದಿಡ್ಡಿ ಕನ್ನಡದಲ್ಲಿ, "ಥ್ಯಾಂಕ್ಸ್ ಅಂಕಲ್, ನೀವು ಸುಳ್ಳು ಹೇಳಿಲ್ಲ," ಎಂದ. ಹುಷಾರು, ಸ್ವೆಟರ್ ತಗೊಂಡಿದ್ದೀಯಾ ಎಂದು ಚಂದ್ರಮೋಹನ ಕೇಳಿದ.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಡಾಕ್ಟರ ಫೋನ್ ಬಂತು. ಮೊದಲ ಟರ್ಮ್ ಮುಗಿದಿದೆ, ಫಲಿತಾಂಶ ಕೈಯಲ್ಲೇ ಇದೆ ಎಂದು ಒಂದೊಂದಾಗಿ ಓದಿದರು. ಸ್ಟ್ರಕ್ಚರ್ಸ್‌ನಲ್ಲಿ ಎ. ಮಣ್ಣಿನ ವಿಷಯದ್ದೊಂದು ಪೇಪರಿನಲ್ಲಿ ಬಿ ಪ್ಲಸ್. ಗಣಿತದಲ್ಲಿ ಎ. ಹೈಸ್ಕೂಲಿನಿಂದ ಈಚೆಗೆ ಅವನಿಗೆ ಗಣಿತದಲ್ಲಿ ಎ ಬಂದದ್ದು ಇದೇ ಮೊದಲು ಎಂದರು. ಅತ್ತೆಯವರೂ ಪಕ್ಕದಲ್ಲೇ ಇದ್ದಾರೆ, ನಿಮ್ಮನ್ನು ಕೇಳಿದರು ಎಂದರು.

"ಒದೆಯೋದು ಹೇಗಿದೆಯಂತೆ ಡಾಕ್ಟ್ರೇ?" ಎಂದು ಚಂದ್ರಮೋಹನ ಕೇಳಿದ.

ಆ ತುದಿಯಲ್ಲಿ ಕಾಗದ ತಿರುವಿ ಹಾಕಿದ ಸದ್ದು.

"ಅದನ್ನ ಕೇಳೋದೇ ಮರ್ತೆ ನೋಡಿ," ಎಂದರು ಡಾಕ್ಟರು. ಕೇಳಿ ಮತ್ತೆ ಫೋನ್ ಮಾಡುವುದಾಗಿ ಹೇಳಿ, ಗಣಿತದ ಅಂಕವನ್ನು ಇನ್ನೊಮ್ಮೆ ಓದಿ ಇಟ್ಟರು. ಚಂದ್ರಮೋಹನ ಸೋಫಾದ ಮೇಲೆ ಉದ್ದಕ್ಕೆ ಕಾಲು ಚಾಚಿ ಮಲಗಿದ. ಹೊರಗೆ ಬಿಸಿಲು ಸುಡುತ್ತಿತ್ತು, ಬೀದಿಯಲ್ಲಿ ಯಾರೂ ಇರಲಿಲ್ಲ. ವೇದಾ ಕಾಫಿಗೆ ಎಬ್ಬಿಸುವ ತನಕ ಅವನಿಗೆ ಗಾಢ ನಿದ್ದೆ.